ಹಲಸಿನ ಮರದಡಿ ಜೋಡಿ ಗುಂಡು

ಬೆಳ್ಯಪ್ಪನವರ ಹೆಣ ಹೋಟೆಲಿನ ಹಿಂದೆ, ಹಲಸಿನ ಮರದ ಕೆಳಗೆ ಬೋರಲಾಗಿ ಬಿದ್ದಿತ್ತು. ಕುತ್ತಿಗೆಯ ಹಿಂಭಾಗಕ್ಕೆ ಒಂದೇ ಏಟು—ಮೂಳೆಯವರೆಗೂ ಇಳಿದಿತ್ತು. ಪಕ್ಕದಲ್ಲಿ ರಕ್ತ ಮೆತ್ತಿದ ಒಡಿಕತ್ತಿ. ಅದರಾಚೆ ಜೋಡಿನಳಿಗೆಯ ಕೋವಿ. ಎರಡೂ ನಳಿಗೆ ಖಾಲಿ.

ಇನ್ಸ್‌ಪೆಕ್ಟರ್ ನಾಣಯ್ಯ ಪೊನ್ನಂಪೇಟೆಯಿಂದ ಜೀಪಿನಲ್ಲಿ ಬಂದಿಳಿದಾಗ ಭಾನುವಾರದ ಊಟ ಎಲೆಗಳಲ್ಲೇ ಆರಿಹೋಗಿತ್ತು. ಅತಿಥಿಗಳು ಮಾಣಿ ಚೋಮನನ್ನು ಕಂಬಕ್ಕೆ ಕಟ್ಟಿ ಬಡಿಯುತ್ತಿದ್ದರು. ಅವನ ಒಂದು ಕಣ್ಣು ಊದಿ ಮುಚ್ಚಿತ್ತು, ಬಾಯಿಂದ ರಕ್ತ ಸುರಿಯುತ್ತಿತ್ತು. ಕುಣಿಕೆ ಹಾಕಿದ ಇನ್ನೊಂದು ಹಗ್ಗ ಆಗಲೇ ತೊಲೆಯ ಮೇಲಿತ್ತು.

"ಹಗ್ಗ ಇಳಿಸಿ," ಎಂದ ನಾಣಯ್ಯ, ಪಿಸ್ತೂಲಿನ ಮೇಲೆ ಕೈಯಿಟ್ಟು.

ಬಿಳಿಯ ದೊರೆಯೊಬ್ಬ ಬಿಟ್ಟುಹೋದ ಬಂಗಲೆಯನ್ನು ಸೋಮಯ್ಯ ಕೊಂಡು 'ಬೇಟೆಮನೆ' ಎಂಬ ಹೋಟೆಲು ಮಾಡಿದ್ದ. ಗೋಡೆ ತುಂಬ ಕಾಡುಕೋಣದ ತಲೆಗಳು, ಇಸ್ಪೀಟಿನ ಮೇಜಿಗೆ ಹುಲಿಚರ್ಮ, ಮಾಣಿಗಳ ಬೆನ್ನಿಗೆಲ್ಲ ಕೊಡಗಿನ ಒಡಿಕತ್ತಿ. ಹಂದಿ ಸಾರು ಬಡಿಸುವವನು ಯುದ್ಧಕ್ಕೆ ಹೊರಟವನಂತೆ ಕಾಣಬೇಕೆಂಬುದು ಸೋಮಯ್ಯನ ಆಸೆ. ಮೈಸೂರು, ಮದರಾಸಿನ ಸಾಹುಕಾರರು ಅದಕ್ಕೇ ಮರುಳಾಗಿ ಬಂದು ತಂಗುತ್ತಿದ್ದರು.

"ಕತ್ತಿ ಯಾರದು?"

"ಚೋಮನದೇ," ಎಂದ ಸೋಮಯ್ಯ. "ಬೆಳ್ಯಪ್ಪನವರು ಎರಡು ಗುಂಡು ಹಾರಿಸಿದ್ದಾರೆ. ಎರಡೂ ತಪ್ಪಿವೆ. ಅಷ್ಟರಲ್ಲಿ ಇವ ಕಡಿದಿದ್ದಾನೆ."

"ಕತ್ತಿ ಅಡುಗೆಮನೆ ಬಾಗಿಲಲ್ಲಿ ನೇತುಹಾಕಿದ್ದೆ ಬುದ್ಧಿ," ಚೋಮ ತೊದಲಿದ. "ಬಗ್ಗಿ ಬಡಿಸುವಾಗ ಚುಚ್ಚುತ್ತೆ."

"ಬೆಳ್ಯಪ್ಪನವರು ಇಲ್ಲಿಗೆ ಯಾಕೆ ಬಂದರು?"

ಸೋಮಯ್ಯ ಹೇಳಿದ. ಬೆಳ್ಯಪ್ಪನವರ ತಮ್ಮನ ಮಗ ದೇರಪ್ಪ ಮನೆತನದ ಕೋವಿಯನ್ನೇ ಇಸ್ಪೀಟಿಗೆ ಒಡ್ಡಿ ಸೋತಿದ್ದ. ಗೆದ್ದವನು ಕುಟ್ಟದ ವ್ಯಾಪಾರಿ ಅಪ್ಪಯ್ಯ. ಸುದ್ದಿ ತಿಳಿದ ದೊಡ್ಡಪ್ಪ ಹುದಿಕೇರಿಯಿಂದ ಬಂದು, ತುಂಬಿದ ಪಂಕ್ತಿಯಲ್ಲಿ ದೇರಪ್ಪನ ಕೆನ್ನೆಗೆ ಬಾರಿಸಿ, ಅಪ್ಪಯ್ಯನಿಂದ ಕೋವಿ ಕಿತ್ತುಕೊಂಡು ಹಿಂಬಾಗಿಲಿನಿಂದ ಹೊರಟಿದ್ದರು.

"ಗೆದ್ದ ಕೋವಿ ಕೈತಪ್ಪಿತು. ಸಿಟ್ಟು ಬರಲಿಲ್ವ?" ನಾಣಯ್ಯ ಅಪ್ಪಯ್ಯನನ್ನು ಕೇಳಿದ.

"ಬಂತು ಸಾರ್. ಆದ್ರೆ ಗುಂಡಿನ ಸದ್ದು ಕೇಳಿದ್ದೇ ಮೇಜಿನಡಿ ನುಗ್ಗಿದವ ನಾನು. ಈಗಲೂ ಮಂಡಿ ನೋಯ್ತದೆ." ಸುತ್ತಲಿದ್ದವರು ತಲೆಯಾಡಿಸಿದರು. ಅವರೂ ಅಲ್ಲೇ ನುಗ್ಗಿದ್ದರು.

ದೇರಪ್ಪ ಹೆಣದ ಬಳಿ ಕುಳಿತು ಅಳುತ್ತಿದ್ದ. ಕೆನ್ನೆಯ ಮೇಲೆ ಇನ್ನೂ ಬೆರಳಿನ ಗುರುತಿತ್ತು.

"ನೀನೆಲ್ಲಿದ್ದೆ?"

"ತೋಟದ ಕಡೆ ಹೋಗಿದ್ದೆ. ಸದ್ದು ಕೇಳಿ ಓಡಿಬಂದೆ. ದೊಡ್ಡಪ್ಪ ಕಡೆಯವರೆಗೂ ಹೋರಾಡಿದ್ದಾರೆ ಸಾರ್."

ಅಡುಗೆಮನೆಯಲ್ಲಿ ಚೋಮನ ಹೆಂಡತಿ ಮುತ್ತಿ ಗೋಡೆಗೊರಗಿ ಕುಳಿತಿದ್ದಳು. ಎರಡನೇ ಪಂಕ್ತಿಯ ಸಾರು ಅರ್ಧ ಬೆಂದು ನಿಂತಿತ್ತು.

"ಒಲೆ ಯಾಕೆ ಆರಿಸಿದ್ದು ಮುತ್ತಿ?"

"ಜೋಡಿ ಗುಂಡು ಕೇಳ್ತಲ್ಲ ಬುದ್ಧಿ. 'ಯಾರು ಸತ್ತದ್ದು' ಅಂತ ಕೇಳಿ ಪಾತ್ರೆ ಇಳಿಸಿದೆ. ಆಗ ಹೆಣ ಯಾರಿಗೂ ಕಂಡಿರ್ಲಿಲ್ಲ."

ನಾಣಯ್ಯ ನೇರವಾಗಿ ಹಲಸಿನ ಮರದಡಿಗೆ ಬಂದು ಕತ್ತೆತ್ತಿ ನೋಡಿದ. ಆಮೇಲೆ ಹೆಣದ ಬೆನ್ನನ್ನು ನೋಡಿದ. ಎಲ್ಲರನ್ನೂ ಕರೆಸಿದ.

"ಸೋಮಯ್ಯನವರೇ, ಬೆನ್ನ ಮೇಲೇನಿದೆ?"

"ಹಲಸಿನ ಎಲೆ. ಚೂರುಚೂರಾಗಿದೆ."

"ರಕ್ತದ ಕೆಳಗೋ, ಮೇಲೋ?"

ಸೋಮಯ್ಯ ಬಗ್ಗಿದ. "ಮೇಲೆ."

"ಗುಂಡು ಮೇಲಕ್ಕೆ ಹಾರಿ ಎಲೆ ಉದುರಿಸಿದೆ—ಇವರು ಬಿದ್ದ ಮೇಲೆ. ಕುತ್ತಿಗೆ ತುಂಡಾದವರು ಕೋವಿ ಎತ್ತುತ್ತಾರಾ? ಹಾರಿಸಿದವನು ಕೊಂದವನೇ. ಸದ್ದಿಲ್ಲದೆ ಕಡಿದವನು ಸದ್ದು ಮಾಡಿ ಊರನ್ನೇ ಕರೆದ. ಯಾಕೆ?"

ನಾಣಯ್ಯ ಕೋವಿಯ ಖಾಲಿ ನಳಿಗೆಗಳತ್ತ ಬೆರಳು ಮಾಡಿದ.

"ನಮ್ಮಲ್ಲಿ ಸಾವಾದರೆ ಆಕಾಶಕ್ಕೆ ಜೋಡಿ ಗುಂಡು. ಒಲೆಯ ಮುಂದಿದ್ದ ಮುತ್ತಿಗೆ ಅರ್ಥವಾಯಿತು. ನೀವು ಕೊಡಗಿನ ವೇಷವನ್ನು ಮಾರುತ್ತಾ ಅದನ್ನೇ ಮರೆತಿರಿ. ಚೋಮನಾಗಿದ್ದರೆ ಕಡಿದು ಓಡುತ್ತಿದ್ದ. ಸಾವಿನ ಗುಂಡು ಹಾರಿಸುವುದು ಮನೆಯವರು. ಇಲ್ಲಿ ಆ ಮನೆಯವನು ಒಬ್ಬನೇ."

ದೇರಪ್ಪನ ಅಳು ನಿಂತಿತು.

"ಬಾಗಿಲಲ್ಲಿ ನೇತಾಡ್ತಿದ್ದ ಕತ್ತಿ ಎಳೆದು ಸಿಟ್ಟಲ್ಲಿ ಬೀಸಿದೆ," ಎಂದ. "ಓಡಬೇಕಂತಲೇ ಇದ್ದೆ. ಆದ್ರೆ ಕೋವಿ ಹಿಡಿಯೋಕೆ ಕಲಿಸಿದ್ದು ಅವರೇ. ಗುಂಡು ಹಾರಿಸದೆ ಹಾಗೇ ಬಿಟ್ಟು ಹೋಗೋಕೆ ಆಗ್ಲಿಲ್ಲ."

"ಆ ಗುಂಡಿನ ನೆಪದಲ್ಲೇ ಚೋಮ ಸಾಯ್ತಿದ್ದ. ನೀನು ಇಲ್ಲಿ ಕೂತು ನೋಡ್ತಿದ್ದೆ."

ನಾಣಯ್ಯ ತಾನೇ ಚೋಮನ ಕಟ್ಟು ಬಿಚ್ಚಿದ. ಮುತ್ತಿ ಗಂಡನ ಬಾಯಿಯ ರಕ್ತವನ್ನು ಸೆರಗಿನಿಂದ ಒರೆಸುತ್ತ ಸಾಹುಕಾರರನ್ನು ಒಬ್ಬೊಬ್ಬರಾಗಿ ನೋಡಿದಳು. ಅವರು ಮುಖ ತಿರುಗಿಸಿದರು.

ದೇರಪ್ಪನಿಗೆ ಕೋಳ ಹಾಕಿ ಗೇಟಿಗೆ ತರುವಾಗ ಎದುರಿನಿಂದ ಬಿಳಿ ಬಟ್ಟೆಯ ಜನ ಬರುತ್ತಿದ್ದರು. ಸುತ್ತಲಿನ ಮನೆಗಳವರು ಜೋಡಿ ಗುಂಡು ಕೇಳಿ ಹೊರಟುಬಂದಿದ್ದರು. ಮುಂದಿದ್ದ ಮುದುಕರಿಗೆ ದೇರಪ್ಪನ ಗುರುತು ಸಿಕ್ಕಿತು, ಕೋಳ ಕಾಣಲಿಲ್ಲ.

"ಯಾರಪ್ಪ ತೀರಿಕೊಂಡದ್ದು?" ಎಂದು ಕೇಳಿದರು.

ನಾಣಯ್ಯ ದೇರಪ್ಪನತ್ತ ತಿರುಗಿದ. ಉತ್ತರ ಹೇಳಬೇಕಾದವನು ಮನೆಯವನು.