ಬಾಗಿಲಾಚೆಯ ಕುರ್ಚಿ

"ಓನರಿಗೆ ಈಗಲೇ ಹೇಳ್ಬೇಡಿ ಮುನೀರಾ. ಹೇಳಿದ್ರೆ ಖಲಾಸ್, ಫ್ಲ್ಯಾಟ್ ಖಾಲಿ ಮಾಡಿ ಅಂತಾರೆ!"

ಪಕ್ಕದ ಮನೆಯ ಸರ್ಫರಾಝ್ ಮಾಮ ಬಾಗಿಲ ಹೊರಗೆ ನಿಂತೇ ಉಮ್ಮನಿಗೆ ಇಷ್ಟು ಹೇಳಿ ಹೋದರು. ಅವರ ಬುದ್ಧಿಮಾತು ಮಗಳು ಶಬ್ನಮ್‌ಗೆ ಸ್ವಲ್ಪವೂ ಹಿಡಿಸಲಿಲ್ಲ.

ಉಪ್ಪ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಅರಬ್ ನಾಡಿನ ಬಿನ್ ಒಮ್ರಾನ್ ಬಡಾವಣೆಯ ಈ ಫ್ಲ್ಯಾಟಿನ ಬಾಡಿಗೆಗೆ ಅವರು ಇಡೀ ವರ್ಷದ ಚೆಕ್‌ಗಳನ್ನು ಮೊದಲೇ ಸಹಿ ಮಾಡಿ ಓನರಿಗೆ ಕೊಟ್ಟಿದ್ದರು. ಈಗ ಅವರ ಅಕೌಂಟನ್ನು ಬ್ಯಾಂಕ್ ಲಾಕ್ ಮಾಡಿದೆ. ಕಂಪನಿ ಕೊಡುತ್ತಿದ್ದ ಮನೆ ಅಲವೆನ್ಸೂ ನಿಂತಿದೆ. ಜೂನ್ ಒಂದಕ್ಕೆ ಇನ್ನು ಮೂರೇ ದಿನ. ಚೆಕ್ ಬೌನ್ಸ್ ಆದರೆ ಮನೆ ಹೋದಂತೆಯೇ.

"ಓನರ್ ಆಫೀಸಿಗೆ ಹೋಗಿ ನಾವೇ ಹೇಳುವಾ ಉಮ್ಮ."

"ನಾನು ಇದ್ದತ್‌ನಲ್ಲಿ ಇದ್ದೇನಲ್ವಾ? ಗಂಡ ತೀರಿದ್ರೆ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರ್ಬೇಕು. ಕ್ಲಿನಿಕ್ಕಿಗೂ ರಜೆ ಹಾಕಿದ್ದೇನೆ."

"ಬಾಡಿಗೆ ನಿಮ್ಮ ಸಂಬಳದಲ್ಲಿ ಆಗ್ತದಾ?"

"ಕೈ ಬಿಗಿ ಹಿಡಿದ್ರೆ ಆಗ್ತದೆ."

"ಹಾಗಾದ್ರೆ ನಾನು ಫೋನ್ ಮಾಡ್ತೇನೆ."

"ನಿಂಗೆ ಎಂತ ಅರಬಿ ಬರ್ತದೆ?"

"ಶಾಲೆಯಲ್ಲಿ ನಾಲ್ಕು ವರ್ಷ ಕಲ್ತಿದ್ದೇನೆ. ಮಾರ್ಕ್ಸ್ ಮಾತ್ರ ಕಡಿಮೆ!"

ಉಮ್ಮ ಇಪ್ಪತ್ತು ದಿನದ ಮೇಲೆ ಮೊದಲ ಸಲ ನಕ್ಕರು. ಫೋನ್ ಕೊಟ್ಟರು.

ಓನರ್ "ಅಲೋ" ಎಂದಾಗ ಶಬ್ನಮ್‌ಗೆ ಕಲಿತದ್ದೆಲ್ಲ ಮರೆತೇ ಹೋಯಿತು. ಆದರೂ ಬಿಡಲಿಲ್ಲ. "ಬಾಬಾ ಮಾತ್," ಎಂದಳು. ಉಪ್ಪ ತೀರಿಹೋದರು ಅಂತ. ಆಮೇಲೆ ಉಮ್ಮ, ಇದ್ದತ್, ಚೆಕ್ ಎಂದು ಒಂದೊಂದೇ ಮಾತು ಜೋಡಿಸಿದಳು. ಓನರ್ ಫ್ಲ್ಯಾಟ್ ನಂಬರ್ ಕೇಳಿ ಫೋನ್ ಇಟ್ಟರು.

ಅಂದೇ ಸಂಜೆಯ ಅಸರ್ ನಮಾಝ್ ಮುಗಿದ ಮೇಲೆ ಕಾಲಿಂಗ್ ಬೆಲ್ ಆಯಿತು. ಹೊರಗೆ ಉದ್ದನೆಯ ಬಿಳಿ ತೋಬ್ ಹಾಕಿದ್ದ ಮುದುಕ ಓನರ್! ಒಳಗೆ ಬರಲು ಅವರು ಒಪ್ಪಲಿಲ್ಲ. ಶಬ್ನಮ್ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು. ಒಳಗಿದ್ದ ಉಮ್ಮ ಕಾಣದಂತೆ ಅವರು ಬಾಗಿಲಿಗೆ ಬೆನ್ನು ಹಾಕಿ ಕುಳಿತರು.

"ನನ್ನ ತಂಗಿಯೂ ಇದ್ದತ್ ಕೂತಿದ್ದಳು. ಆಗ ನಾನೇ ಎಲ್ಲ ಕಡೆ ಓಡಿದ್ದೆ," ಎಂದರು ಹಿಂದಿಯಲ್ಲಿ. "ಈಗ ನೀನು ಓಡು. ಯಲ್ಲಾ, ಬೇಗ!"

ಶಬ್ನಮ್ ಓಡಿದಳು. ಓನರ್ ತಂದಿದ್ದ, ಉಮ್ಮನ ಹೆಸರಿನ ಹೊಸ ಕಾಂಟ್ರ್ಯಾಕ್ಟ್ ಒಳಗೆ ಹೋಯಿತು, ಸಹಿಯಾಗಿ ಹೊರಗೆ ಬಂತು. ಉಪ್ಪನ ಉಳಿದ ಏಳು ಚೆಕ್ ಒಳಗೆ ಬಂದವು, ಉಮ್ಮನ ಏಳು ಚೆಕ್ ಹೊರಗೆ ಹೋಗಬೇಕಿತ್ತು. ಬಾಡಿಗೆ ಮಾತ್ರ ಒಂದು ರಿಯಾಲೂ ಕಡಿಮೆಯಾಗಲಿಲ್ಲ.

ಮೊದಲ ಚೆಕ್ಕನ್ನು ಉಮ್ಮ ಎರಡೆರಡು ಸಲ ಓದಿ ಸಹಿ ಹಾಕಿದರು. ಏಳನೆಯದಕ್ಕೆ ಬರುವಾಗ ಪೆನ್ನು ನಿಲ್ಲಲಿಲ್ಲ.

ಶಬ್ನಮ್ ಅದರ ಪಕ್ಕ ಉಪ್ಪನ ಕೊನೆಯ ಚೆಕ್ ಇಟ್ಟು ನೋಡಿದಳು. ಉಪ್ಪ ಡಿಸೆಂಬರ್‌ವರೆಗೂ ಬರೆದಿಟ್ಟಿದ್ದರು. ಎರಡರಲ್ಲೂ ಅದೇ ತಾರೀಕು, ಅದೇ ಮೊತ್ತ. ಕೆಳಗಿನ ಸಹಿ ಮಾತ್ರ ಬೇರೆ.

"ಓನರ್ ಕಾಯ್ತಿದ್ದಾರೆ," ಎಂದರು ಉಮ್ಮ.

ಶಬ್ನಮ್ ಕಣ್ಣೊರೆಸಿಕೊಂಡು ಉಮ್ಮನ ಚೆಕ್‌ಗಳನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ನಡೆದಳು.