ಹಾಯಿಗ ಎಂದರೆ

ನಿಘಂಟಿನ ಸಂಪಾದಕರು 'ಹಾಯಿಗ' ಪದದ ಮುಂದಿದ್ದ 'ಹೊಳೆ ದಾಟಿಸುವವನು' ಎಂಬ ಅರ್ಥವನ್ನು ಹೊಡೆದುಹಾಕಿದರು. 'ಹೊಳೆಯಾಚೆಯವನು, ನಂಬಿಕೆಗೆ ಅರ್ಹನಲ್ಲದವನು' ಎಂಬುದಷ್ಟೇ ಉಳಿಯಿತು.

ಆ ಕರಡು ಬಂದದ್ದು ಹಾಯಿಗರ ಹುಡುಗಿಯ ಮೇಜಿಗೆ.

ಆ ಕಚೇರಿಯಲ್ಲಿ ಕರಡು ತಿದ್ದುವುದು ಇಬ್ಬರ ಕೆಲಸ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು. ಎದುರಿಗೆ ಕೂತವರು ಕರಡಿನ ಮೇಲೆ ಕಣ್ಣಿಟ್ಟು ಪ್ರತಿ ಪದಕ್ಕೂ 'ಸರಿ' ಅನ್ನಬೇಕು. ಓದುವವನು ಸಂಪಾದಕರ ತಂಗಿಯ ಮಗ. ಅವಳ 'ಸರಿ'ಗಳಲ್ಲಿ ಯಾವುದು ಪದಕ್ಕೆ, ಯಾವುದು ತನಗೆ ಎಂದು ಬಿಡಿಸಿ ತಿಳಿಯುವಷ್ಟು ಪಳಗಿದ್ದ. 'ಒಲವು' ಬಂದ ದಿನ ಅಲ್ಲೇ ತಡೆದು ಅವಳನ್ನೇ ನೋಡುತ್ತ ಕೂತಾಗ, ಅವಳು ತಲೆಯೆತ್ತದೆ ತುಟಿಯಂಚಿನಲ್ಲೇ ನಕ್ಕಿದ್ದಳು. "ಮುಂದೆ ಓದಿ ಸಾರ್. ಒಲವು ಎಲ್ಲೂ ಓಡಿಹೋಗಲ್ಲ."

ಇವತ್ತು ಅವನು 'ಹಾಯಿ' ಓದಿದವನೇ ನೇರ 'ಹಾಯಿದೋಣಿ'ಗೆ ಹೋದ.

ಅವಳ ಪೆನ್ಸಿಲ್ ನಿಂತಿತು. "ಒಂದು ಪದ ಬಿಟ್ಟೆ ನೀನು."

"ನಿನಗೆ ನೋವಾಗುತ್ತೆ ಅಂತ."

"ಓಹೋ. ನನ್ನ ಕಿವಿಗೆ ಬೇಡ, ಊರವರ ಕಣ್ಣಿಗೆಲ್ಲ ಬೀಳಲಿ."

ಅವನು ದನಿ ತಗ್ಗಿಸಿ ಬೇಡಿಕೊಂಡ. ಮಾವನ ಕಿವಿಗೆ ಇನ್ನೇನು ಮದುವೆಯ ಮಾತು ಹಾಕಬೇಕು, ಅವರು ಒಪ್ಪಿದರೆ ಮನೆಯಲ್ಲಿ ಬೇರಾರೂ ಎದುರಾಡುವುದಿಲ್ಲ. ಅವಳು ಯಾರವಳು ಅಂತ ಅಲ್ಲಿಯವರೆಗೆ ಗೊತ್ತಾಗುವುದು ಬೇಡ. ಒಂದು 'ಸರಿ' ಅಂದುಬಿಡಲಿ.

ಅವಳು ಅವನನ್ನು ದಿಟ್ಟಿಸಿದಳು. ಆ ನೋಟಕ್ಕಾಗಿಯೇ ಬೆಳಗಾಗೆದ್ದು ಓಡಿಬರುತ್ತಿದ್ದವನಿಗೆ ಇವತ್ತು ಅದನ್ನು ತಾಳಲಾಗಲಿಲ್ಲ.

ಹೊಳೆ ತುಂಬಿದಾಗ ಈಚೆ ದಡದವರನ್ನು ಜೀವ ಒತ್ತೆಯಿಟ್ಟು ಹಾಯಿಸಿದವರು ಹಾಯಿಗರು, ಅಂದಳು. ಸೇತುವೆ ಬಂತು. ದೋಣಿ ಬೇಡವಾಯಿತು, ದೋಣಿಯವರೂ ಬೇಡವಾದರು, ಹೆಸರು ಬೈಗುಳವಾಯಿತು. ಬಾಡಿಗೆಗೆ ಮನೆ ಕೇಳಿದರೆ 'ಹಾಯಿಗರ ಮಾತು ನೀರ ಮೇಲಿನ ಗೆರೆ' ಅಂತ ಬಾಗಿಲು ಹಾಕುತ್ತಾರೆ. ಅವಳ ಅಜ್ಜಿ ಮಾತ್ರ, ಯಾರಾದರೂ ಕಷ್ಟಕ್ಕಾದರೆ, 'ಹಾಯಿಗನಾದೆಯಪ್ಪಾ' ಅಂತ ಇವತ್ತಿಗೂ ತಲೆ ಸವರುತ್ತಾಳೆ.

"ನಿನ್ನ ತಲೇನೂ ಒಂದಿನ ಸವರಿಸಬೇಕು ಅಂತಿದ್ದೆ," ಅಂದಳು.

ಅಷ್ಟರಲ್ಲಿ ಸಂಪಾದಕರು ಬಂದು, ಪುಟ ಯಾಕೆ ತಡ ಎಂದು ಕೇಳಿದರು. ಅವಳು ಎದ್ದು ನಿಂತಳು. ಹೊಡೆದುಹಾಕಿದ ಅರ್ಥ ವಾಪಸ್ ಬರಬೇಕು. ತಾನು ಹಾಯಿಗರವಳು, ಇದಕ್ಕೆ ಸರಿ ಅನ್ನಲಾರೆ ಎಂದಳು.

ಸಂಪಾದಕರು ದನಿ ಏರಿಸಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದರು. ಅಳಿಯನತ್ತ ತಿರುಗಿ, "ಆ ಕುರ್ಚೀಲಿ ನೀನು ಕೂತ್ಕೋ. ಸರಿ ಅಂತ ಹೇಳಿ ಪುಟ ಕಳಿಸು," ಅಂದರು.

ಅವಳು ಚೀಲ ಹೆಗಲಿಗೇರಿಸುತ್ತಿದ್ದಳು. ಅವನ ಕಡೆ ನೋಡಲಿಲ್ಲ.

"ನಾನೂ ಅನ್ನಲ್ಲ, ಮಾವ," ಅಂದ ಅವನು. "ನಾನು ಮದುವೆಯಾಗೋದು ಇವಳನ್ನ."

"ಅದೆಲ್ಲ ಮನೇಲಿ ಮಾತಾಡೋಣ. ಈಗ ಕೂತ್ಕೋ."

ಅವನು ಕೂರಲಿಲ್ಲ.