ನಾಲ್ಕನೆಯ ಗೂಟ

"ಮೂವತ್ತೆಂಟು" ಎಂದಳು ಅಮ್ಮ. ಥರ್ಮಾಮೀಟರನ್ನು ಸೆರಗಿನಲ್ಲಿ ಒರೆಸಿ ನಾಲ್ಕನೆಯ ಗೂಟದ ಹತ್ತಿರ ಮತ್ತೆ ನೀರಿಗಿಟ್ಟಳು. ಮತ್ತೂ ಮೂವತ್ತೆಂಟೇ.

ಪಟಪಟಿ ನೋಟ್‌ಬುಕ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಬಾಯಿ ಮುಚ್ಚದವಳೆಂದು ಅವಳಿಗೆ ಆ ಹೆಸರು. ಈಗ ಮಾತ್ರ ನಾಲಗೆ ಬಿದ್ದುಹೋದಂತಿದ್ದಳು.

ಬಿಸಿನೀರಿನ ಬುಗ್ಗೆಯಿಂದ ಹರಿಯುವ ಕಾಲುವೆಯಲ್ಲಿ ಅಮ್ಮ ಐದು ಗೂಟ ನೆಟ್ಟಿದ್ದಳು. ಪ್ರತಿ ಶನಿವಾರ ಒಂದೊಂದರ ಹತ್ತಿರವೂ ಬಿಸಿ ಅಳೆದು, ಕಾಲೇಜಿನ ಲ್ಯಾಬಿಗೆ ಬರೆದುಕೊಡುವುದು ಅವಳ ಕೆಲಸ. ಬುಗ್ಗೆಯ ಬಾಯಲ್ಲಿ ನೀರು ಕುದಿಯುವಷ್ಟು ಬಿಸಿ. ಅಲ್ಲಿ ಬರೀ ಬಿಳಿ ಎಳೆಗಳು. ಆಮೇಲೆ ಹಳದಿ, ನಾಲ್ಕನೆಯ ಗೂಟದಲ್ಲಿ ಕಿತ್ತಳೆ, ಕೊನೆಗೆ ಹಸಿರು. ಅದೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ ಒತ್ತೊತ್ತಾಗಿ ಕೂತು ಆದ ಚಾಪೆ, ಒಂದೊಂದಕ್ಕೂ ಅದರದೇ ಬಿಸಿ ಬೇಕು ಎಂದು ಅಮ್ಮ ಹೇಳಿದ್ದಳು.

ಈಗ ಕಿತ್ತಳೆ ಚಾಪೆ ಚಿಂದಿಯಾಗಿತ್ತು. ಐವತ್ತೈದು ಡಿಗ್ರಿ ಇದ್ದಾಗ ನೊಣಗಳು ಅಲ್ಲಿ ಸುಳಿಯುತ್ತಿರಲಿಲ್ಲ. ನೀರು ತಣಿದದ್ದೇ ತಡ, ಬಂದು ಮೊಟ್ಟೆಯಿಟ್ಟಿದ್ದವು. ಅವುಗಳ ಹುಳುಗಳು ಚಾಪೆಯನ್ನು ಮೇಯುತ್ತಿದ್ದವು.

ಅಮ್ಮ ಕಾಲುವೆಯ ದಡದಲ್ಲಿ ನಡೆದು ನೋಡಿದಳು. ಪಕ್ಕದ ತಣ್ಣೀರಿನ ತೊರೆಗೆ ಅಡ್ಡವಿದ್ದ ಕಲ್ಲು ಸರಿದಿತ್ತು. ತೊರೆ ನೇರ ಕಾಲುವೆಗೆ ನುಗ್ಗಿತ್ತು.

ಕಲ್ಲು ಸರಿಸಿದವಳು ಪಟಪಟಿಯೇ. ಹೋದ ಭಾನುವಾರ ಕಾಲು ಇಳಿಬಿಟ್ಟು ಕೂರಲು ನೀರು ಹದವಾಗಲಿ ಎಂದು ಸರಿಸಿದ್ದಳು. ಮರಳಿ ಇಡುವುದು ಮರೆತೇಹೋಗಿತ್ತು.

ಬುಗ್ಗೆಯ ಸುತ್ತಲಿನ ಬೇಲಿಯ ಬಾಗಿಲಲ್ಲಿ ತಗಡಿನ ಗುಡಿಸಲು. ಅಲ್ಲಿನ ವಾಚ್‌ಮನ್ ತಾತ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಪಟಪಟಿಯ ಹರಟೆ ಇಷ್ಟವೆಂದು ಅವಳನ್ನೊಬ್ಬಳನ್ನು ಬಿಡುತ್ತಿದ್ದರು.

"ಯಾರು ಬಂದಿದ್ರು, ತಾತ?" ಅಮ್ಮ ಕೇಳಿದಳು.

ತಾತ ಪಟಪಟಿಯನ್ನು ಒಮ್ಮೆ ನೋಡಿದರು. ಅವಳು ನೋಟ್‌ಬುಕ್ಕಿನ ಮೂಲೆ ಮಡಿಸುತ್ತ ನಿಂತಳು.

"ನನ್ನ ಕಣ್ಣು ತಪ್ಪಿರಬೇಕು, ತಾಯಿ" ಎಂದರು ತಾತ. "ವಯಸ್ಸಾಯ್ತಲ್ಲ."

ಅಮ್ಮ ಕಲ್ಲನ್ನು ಜಾಗಕ್ಕೆ ಸರಿಸಿದಳು. ಸಂಜೆ ಲ್ಯಾಬಿನ ಮೇಡಂಗೆ ನಡೆದದ್ದನ್ನು ತಿಳಿಸಿದಳು. ಮೂರು ವರ್ಷದ ಕೆಲಸ ನೀರಿನಲ್ಲಿ ಹೋಯಿತು, ಕಾವಲು ಕಾಯಲಾಗದವರು ಅಲ್ಲಿ ಯಾಕಿರಬೇಕು ಎಂದು ಮೇಡಂ ಸಿಟ್ಟಾದರಂತೆ. ಪಟಪಟಿಗೆ ಊಟ ಸೇರಲಿಲ್ಲ. ನಾಳೆ ಹೇಳೋಣ ಎಂದುಕೊಂಡಳು. ನಾಳೆ ಬಂತು, ಹೋಯಿತು. ಹೀಗೆ ಮೂರು ನಾಳೆಗಳು.

ಬುಧವಾರ ಸ್ಕೂಲ್ ಬ್ಯಾಗ್ ಇಳಿಸುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಳು. ಅಮ್ಮ ಬೈಯಲಿಲ್ಲ. ಚಪ್ಪಲಿ ಮೆಟ್ಟಿ "ಬಾ" ಎಂದಳು.

ಗುಡಿಸಲಿಗೆ ಬೀಗ ಬಿದ್ದಿತ್ತು. ತಾತ ಕೂರುತ್ತಿದ್ದ ಸ್ಟೂಲ್ ಗೋಡೆಯ ಪಕ್ಕ ಬೋರಲಾಗಿತ್ತು.

"ಮೇಡಂಗೆ ಈಗ್ಲೇ ಫೋನ್ ಮಾಡ್ತೀನಿ" ಎಂದಳು ಅಮ್ಮ. ಬೀಗ ಮುಟ್ಟಿ ನೋಡಿ, "ಅವ್ರು ಕರೆದ್ರೂ ತಾತ ಬರ್ತಾರೋ ಇಲ್ವೋ" ಎಂದಳು.

ಅಮ್ಮ ಫೋನಿನಲ್ಲಿ ಮಾತಾಡುತ್ತಿದ್ದಾಗ ಪಟಪಟಿ ನಾಲ್ಕನೆಯ ಗೂಟದ ಹತ್ತಿರ ಥರ್ಮಾಮೀಟರ್ ಇಟ್ಟಳು. ಐವತ್ತೈದು. ನೊಣಗಳಿರಲಿಲ್ಲ. ನೀರಿನಡಿ ಬೋಳು ಬಂಡೆ ಬೆಳ್ಳಗೆ ಕಾಣುತ್ತಿತ್ತು.

ಫೋನ್ ಮುಗಿಸಿ ಬಂದ ಅಮ್ಮನನ್ನು ಕೇಳಿದಳು: "ಬಿಸಿ ಸರಿಹೋಯ್ತಲ್ಲ. ಬಣ್ಣ ಯಾಕೆ ಬಂದಿಲ್ಲ?"

"ಬಿಸಿ ಬೇಗ ಬರತ್ತೆ. ಆ ಬ್ಯಾಕ್ಟೀರಿಯಾ ಬರೋದಕ್ಕೆ ತುಂಬಾ ದಿನ ಬೇಕು. ಮೊದಲಿನ ಹಾಗೇ ಬರತ್ತೆ ಅಂತ ಹೇಳಕ್ಕಾಗಲ್ಲ."

ಪಟಪಟಿ ನೋಟ್‌ಬುಕ್ಕಿನಲ್ಲಿ ಐವತ್ತೈದು ಎಂದು ಬರೆದಳು. ಹಿಂದಿನ ಸಾಲಿನಲ್ಲಿ, ಮೂವತ್ತೆಂಟರ ಪಕ್ಕ, 'ಕಲ್ಲು ತೆಗೆದವಳು ನಾನು' ಎಂದು ಸೇರಿಸಿದಳು.

ಆಮೇಲೆ ಬೀಗದ ಕಡೆ ನೋಡಿದಳು. ತಾತ ಯಾವಾಗ ಬರುತ್ತಾರೆ ಎಂದು ಕೇಳಲಿಲ್ಲ.